ಕೆಂಪು ಕಂಡರೆ ಹಿಂದಕ್ಕೆ

ಜೂನ್ ಮೊದಲ ವಾರ. ಮಡಿಕೇರಿಯಲ್ಲಿ ಮಳೆ ಹಿಡಿದಿತ್ತು. ಸುಂಟಿಕೊಪ್ಪ ಕಡೆಯ ಒಂದು ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯಿಂದ ಒಬ್ಬರು ಹೊಟ್ಟೆನೋವು ಅಂತ ಬಂದರು. ವಯಸ್ಸು ಐವತ್ತೈದರ ಹತ್ತಿರ. ಮಂಡಿ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದ್ದರು, ಅದೂ ಖಾಲಿ ಹೊಟ್ಟೆಗೆ. ಮಲ ಕಪ್ಪಗೆ ಹೋಗ್ತಿದೆ ಅಂದಾಗ ಒಳಗೆ ಹುಣ್ಣಾಗಿ ರಕ್ತ ಒಸರುತ್ತಿರಬಹುದು ಅನ್ನಿಸಿತು. ಮಾರನೇ ದಿನ ಬೆಳಿಗ್ಗೆಗೆ ಎಂಡೋಸ್ಕೋಪಿ ಇಟ್ಟೆವು, ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು (ಸ್ಕೋಪ್) ಬಾಯಿಯಿಂದ ಇಳಿಸಿ ಒಳಗೆ ನೋಡುವ ಪರೀಕ್ಷೆ. "ಇವತ್ತು ನೀವು ಹಾಕಿ ನೋಡಮ್ಮಾ" ಅಂತ ನಮ್ಮ ಹಿರಿಯ ಡಾಕ್ಟರ್ ಸರ್ ಸ್ಕೋಪನ್ನು ನನ್ನ ಕೈಗೆ ಕೊಟ್ಟರು.

ನಾನು ಶಸ್ತ್ರಚಿಕಿತ್ಸೆಯಲ್ಲಿ ಎಂಎಸ್ ಮುಗಿಸಿ ಊರಿಗೆ ವಾಪಸ್ ಬಂದು ಈ ಆಸ್ಪತ್ರೆಗೆ ಸೇರಿ ಆಗ ಎರಡು ತಿಂಗಳು. ಓದುವಾಗ ಎಷ್ಟೋ ಎಂಡೋಸ್ಕೋಪಿ ಪಕ್ಕದಲ್ಲೇ ನಿಂತು ನೋಡಿದ್ದೆ. ಪರದೆಯ ಮೇಲೆ ಏನು ಬಂದರೂ ಹೆಸರು ಹೇಳುತ್ತಿದ್ದೆ. ಆದರೆ ಕೈಯಲ್ಲಿ ಹಿಡಿದದ್ದು ತೀರಾ ಕಡಿಮೆ. ಹಿಡಿದಾಗಲೂ ಬೇರೆಯವರು ಜಠರದವರೆಗೆ ಇಳಿಸಿ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಅಷ್ಟೇ. ಗಂಟಲು ದಾಟಿಸುವ ಕೆಲಸ ಯಾವತ್ತೂ ನನ್ನದಾಗಿರಲಿಲ್ಲ.

ಅವತ್ತು ಮೂರು ಸಲ ಹಾಕಿದೆ. ಮೊದಲ ಸಲ ಸ್ಕೋಪಿನ ತುದಿ ಧ್ವನಿಪೆಟ್ಟಿಗೆಯ ಕಡೆಗೇ ಹೋಯಿತು. ಅವರು ಕೆಮ್ಮಿದರು, ಹೊರಗೆ ತೆಗೆದೆ. ಎರಡನೇ ಸಲ ಪರದೆ ಪೂರ್ತಿ ಕೆಂಪಾಯಿತು. ಎಲ್ಲಿದ್ದೇನೆ ಅಂತಲೇ ತಿಳಿಯಲಿಲ್ಲ. ಆಗ ನಾನು ಮಾಡಬಾರದ್ದನ್ನು ಮಾಡಿದೆ, ಮುಂದಕ್ಕೆ ತಳ್ಳಿದೆ. ಮೂರನೇ ಸಲ ಅವರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸರ್ ಸ್ಕೋಪ್ ತೆಗೆದುಕೊಂಡರು. "ಅಣ್ಣಾ, ಒಂದ್ಸಲ ನುಂಗಿ" ಅಂದರು. ಒಂದು ಗುಟುಕು ನುಂಗುವುದರೊಳಗೆ ಸ್ಕೋಪ್ ಒಳಗಿತ್ತು.

ಜಠರದ ಕೆಳಭಾಗದಲ್ಲಿ ಹುಣ್ಣು ಸಿಕ್ಕಿತು. ಒಂದು ಸೆಂಟಿಮೀಟರ್ ಇರಬಹುದು. ಜಠರದ ಹುಣ್ಣು ಅಂದರೆ ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳಲೇಬೇಕು. ಅದಕ್ಕೆ ಅಂಚಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದೆವು. ಮಾತ್ರೆ ಬರೆದು ಎಂಟು ವಾರ ಬಿಟ್ಟು ಮತ್ತೆ ಬನ್ನಿ, ಹುಣ್ಣು ಮಾಗಿದೆಯಾ ಅಂತ ಇನ್ನೊಂದು ಸಲ ನೋಡಬೇಕು ಅಂದೆವು. ಅವರು ಮುಖ ಒರೆಸಿಕೊಂಡು, ಮೂಲೆಯಲ್ಲಿದ್ದ ಕೊಡೆ ತಗೊಂಡು ಸುಮ್ಮನೆ ಹೋದರು. ಒಂದು ಮಾತು ಬೈದಿದ್ದರೂ ನನಗೆ ಹಗುರ ಆಗುತ್ತಿತ್ತು.

ವೈದ್ಯಕೀಯ ಕಲಿಕೆ ಬಹಳ ಕಾಲ ಹೀಗೇ ನಡೆದು ಬಂದಿದೆ. ಒಂದು ನೋಡು, ಒಂದು ಮಾಡು, ಆಮೇಲೆ ಇನ್ನೊಬ್ಬರಿಗೆ ಕಲಿಸು. ಆ 'ಒಂದು ಮಾಡು' ಯಾರ ಗಂಟಲಲ್ಲಿ ಅನ್ನುವುದೇ ಪ್ರಶ್ನೆ. 1957ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬೇಸಿಲ್ ಹರ್ಷೊವಿಟ್ಜ್ ಎಂಬ ವೈದ್ಯರು ಗಾಜಿನ ಎಳೆಗಳಿಂದ ಮಾಡಿದ, ಬಾಗುವ ಎಂಡೋಸ್ಕೋಪನ್ನು ಮೊದಲು ತಾವೇ ನುಂಗಿ ನೋಡಿದರಂತೆ. ಆಮೇಲೇ ರೋಗಿಯ ಸರದಿ. ಅವತ್ತು ರಾತ್ರಿ ಇದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ನಾವೆಲ್ಲ ಕಲಿಯುವುದು ಬೇರೆಯವರ ಗಂಟಲಲ್ಲಿ. ಅದರಲ್ಲೂ ಮಾತಾಡಲು ಹಿಂಜರಿಯುವವರ ಗಂಟಲಲ್ಲಿ.

ಜೂನ್ ಕೊನೆಗೆ ಆಸ್ಪತ್ರೆಗೆ ಸಿಮ್ಯುಲೇಟರ್ ಬಂತು, ರೋಗಿ ಇಲ್ಲದೆ ಎಂಡೋಸ್ಕೋಪಿ ಅಭ್ಯಾಸ ಮಾಡುವ ಯಂತ್ರ. ನಮ್ಮದಲ್ಲ, ಒಂದು ತಿಂಗಳ ಮಟ್ಟಿಗೆ ತರಬೇತಿಗೆ ಅಂತ ಕಳಿಸಿದ್ದು. ಬೆಂಗಳೂರಿನಿಂದ ಟಾರ್ಪಲ್ ಹೊದಿಸಿದ ಗಾಡಿಯಲ್ಲಿ, ಕುಶಾಲನಗರ ದಾಟಿದ ಮೇಲೆ ಬಿಡದ ಮಳೆಯಲ್ಲಿ ಬಂದಿಳಿಯಿತು. ಕರೆಂಟ್ ಹೋಗಿ ಬಂದು ಮಾಡುತ್ತಿದ್ದರಿಂದ ಟೆಕ್ನಿಷಿಯನ್ ಅಣ್ಣ ಮೊದಲು ಯುಪಿಎಸ್‌ಗೆ ಜಾಗ ಮಾಡಿದರು. ಆಮೇಲೇ ಪೆಟ್ಟಿಗೆ ಬಿಚ್ಚಿದ್ದು.

ಇದು ವರ್ಚುವಲ್ ರಿಯಾಲಿಟಿ ಯಂತ್ರ. ಹಾಗಂದ ಕೂಡಲೇ ಕಣ್ಣಿಗೆ ಕಟ್ಟಿಕೊಳ್ಳುವ ದೊಡ್ಡ ಕನ್ನಡಕ ನೆನಪಾಗುತ್ತದೆ, ಅಲ್ವಾ? ಇದರಲ್ಲಿ ಅದಿಲ್ಲ. ಎಂಡೋಸ್ಕೋಪಿ ಮಾಡುವವರು ನಿಜವಾದ ಕೆಲಸದಲ್ಲೂ ಪರದೆಯನ್ನೇ ನೋಡುವುದು. ಹಾಗಾಗಿ ಇಲ್ಲೂ ಪರದೆ ಸಾಕು. ಒಂದು ಬೊಂಬೆ, ಅದಕ್ಕೆ ಬಾಯಿ. ಕೈಗೆ ಸಿಗುವುದು ನಿಜವಾದ ಸ್ಕೋಪಿನದೇ ಹಿಡಿ, ಅದೇ ಚಕ್ರಗಳು, ಅದೇ ಗುಂಡಿಗಳು. ಬಾಯಿಯಿಂದ ಒಳಗೆ ಹೋದ ಸ್ಕೋಪ್ ಎಷ್ಟು ಇಳಿದಿದೆ, ಎಷ್ಟು ತಿರುಗಿದೆ ಅಂತ ಸೆನ್ಸರ್‌ಗಳು ಕಂಪ್ಯೂಟರಿಗೆ ಹೇಳುತ್ತವೆ. ಕಂಪ್ಯೂಟರ್ ಅದಕ್ಕೆ ಸರಿಯಾಗಿ ಅನ್ನನಾಳ, ಜಠರ, ಕರುಳು ಎಲ್ಲವನ್ನೂ ಪರದೆಯಲ್ಲಿ ಮೂಡಿಸುತ್ತದೆ. ಗೋಡೆಗೆ ತಾಗಿದರೆ ಕೈಗೆ ತಡೆ ಸಿಗುತ್ತದೆ. ಗಾಳಿ ಬಿಟ್ಟರೆ ಜಠರ ಉಬ್ಬುತ್ತದೆ, ಎಳೆದರೆ ಕುಗ್ಗುತ್ತದೆ.

ಸ್ಕೋಪ್ ಹಿಡಿಯುವುದರ ಬಗ್ಗೆ ಸ್ವಲ್ಪ ಹೇಳಬೇಕು. ಹೊರಗಿನಿಂದ ನೋಡಿದವರಿಗೆ ಇದು ಪೈಪ್ ತಳ್ಳುವ ಕೆಲಸ ಅನ್ನಿಸುತ್ತದೆ. ಜಠರ ನೋಡುವ ಸ್ಕೋಪ್ ಒಂದು ಮೀಟರಿಗಿಂತ ಸ್ವಲ್ಪ ಉದ್ದ, ದಪ್ಪ 9ರಿಂದ 10 ಮಿಲಿಮೀಟರ್. ಹಿಡಿ ಎಡಗೈಯಲ್ಲಿ. ಎಡಗೈ ಹೆಬ್ಬೆರಳು ದೊಡ್ಡ ಚಕ್ರವನ್ನು ತಿರುಗಿಸಿದರೆ ತುದಿ ಮೇಲೆ ಕೆಳಗೆ ಆಡುತ್ತದೆ. ಚಿಕ್ಕ ಚಕ್ರ ಎಡಕ್ಕೆ ಬಲಕ್ಕೆ. ತೋರುಬೆರಳಿಗೆ ಎರಡು ಗುಂಡಿ. ಒಂದನ್ನು ಸುಮ್ನೆ ಮುಚ್ಚಿದರೆ ಗಾಳಿ, ಒತ್ತಿದರೆ ಲೆನ್ಸ್ ತೊಳೆಯುವ ನೀರು. ಇನ್ನೊಂದು ಒಳಗಿನ ನೀರು, ಗಾಳಿ ಹೀರಿಕೊಳ್ಳಲು. ಬಲಗೈ ತಳ್ಳಬೇಕು, ಎಳೆಯಬೇಕು, ತಿರುಚಬೇಕು. ಇಷ್ಟೆಲ್ಲ ಒಟ್ಟಿಗೆ, ಕೈಯನ್ನು ಒಮ್ಮೆಯೂ ನೋಡದೆ.

ನನ್ನ ಕೈ ಚಿಕ್ಕದು. ಹೆಬ್ಬೆರಳು ಚಿಕ್ಕ ಚಕ್ರಕ್ಕೆ ಎಟುಕುವುದೇ ಇಲ್ಲ. ಸ್ಕೋಪ್ ತಯಾರಿಸುವವರು ದೊಡ್ಡ ಕೈಗಳನ್ನೇ ಮನಸ್ಸಲ್ಲಿ ಇಟ್ಟುಕೊಂಡಿದ್ದಾರೆ ಅಂತ ನನಗೆ ಖಚಿತವಾಗಿ ಅನ್ನಿಸುತ್ತದೆ. ಈಗ ಇಷ್ಟೊಂದು ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುತ್ತಿರುವಾಗ ಇದು ಬದಲಾಗಬೇಕು. ಮೊದಲ ವಾರ ಹೆಬ್ಬೆರಳ ಬುಡ ರಾತ್ರಿಯೆಲ್ಲ ನೋಯುತ್ತಿತ್ತು. ಆಮೇಲೆ ಸರ್ ಹೇಳಿಕೊಟ್ಟರು, ಚಿಕ್ಕ ಚಕ್ರದ ಹಟ ಬಿಡಿ, ದೊಡ್ಡ ಚಕ್ರ ಮತ್ತು ಬಲಗೈ ತಿರುಚು ಇವೆರಡೇ ಸಾಕು. ಸ್ಕೋಪಿನ ತುದಿಯನ್ನು ಮೇಲಕ್ಕೆ ಬಾಗಿಸಿ ಬಲಗೈಯಲ್ಲಿ ತಿರುಚಿದರೆ ಅದೇ ಬಲಕ್ಕೂ ಹೋಗುತ್ತದೆ, ಎಡಕ್ಕೂ ಹೋಗುತ್ತದೆ. ಮುಷ್ಟಿ ಕಟ್ಟಿ ಹಿಡಿಯಬೇಡಿ, ಬೆರಳ ತುದಿಯಲ್ಲಿ ಹಿಡಿಯಿರಿ ಅಂದರು. ಇದನ್ನು ರೋಗಿಯ ಪಕ್ಕ ನಿಂತು ಕಲಿಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಮೊದಲ ಮೂರು ದಿನ ನಮಗೆ ಹೊಟ್ಟೆಯನ್ನೇ ತೋರಿಸಲಿಲ್ಲ. ಬಲೂನ್ ಒಡೆಯುವ ಅಭ್ಯಾಸ. ಪರದೆಯಲ್ಲಿ ಒಂದು ಸುರಂಗ, ಗೋಡೆಗಳಿಂದ ಬಲೂನ್‌ಗಳು ಹೊರಬರುತ್ತವೆ. ಗೋಡೆಗೆ ತಾಗದಂತೆ ತುದಿಯನ್ನು ಆಡಿಸಿ ಒಂದೊಂದೇ ಚುಚ್ಚಬೇಕು. ಮಕ್ಕಳ ಆಟದಂತೆ ಕಂಡರೂ ಕೈಗೂ ಕಣ್ಣಿಗೂ ಸಂಬಂಧ ಬೆಳೆದದ್ದು ಇಲ್ಲೇ. ಮೂರನೇ ದಿನ ಒಂದು ಕ್ಷಣ, ಬಲಕ್ಕೆ ಹೋಗಬೇಕು ಅಂದುಕೊಂಡೆ, ತುದಿ ಬಲಕ್ಕೆ ಹೋಗಿತ್ತು. ಯಾವ ಬೆರಳು ಏನು ಮಾಡಿತು ಅಂತ ಯೋಚಿಸಿರಲೇ ಇಲ್ಲ. ಸೈಕಲ್ ಕಲಿಯುವಾಗ ಹಿಂದೆ ಹಿಡಿದವರು ಕೈ ಬಿಟ್ಟದ್ದು ಗೊತ್ತಾಗದೆ ಮುಂದೆ ಹೋಗಿಬಿಡುತ್ತೇವಲ್ಲ, ಹಾಗೆ.

ನಾಲ್ಕನೇ ದಿನ ಗಂಟಲು. ನಾಲಿಗೆ, ಕಿರುನಾಲಿಗೆ, ಅದನ್ನು ದಾಟಿ ಉಸಿರಿನ ದಾರಿಯ ಮುಚ್ಚಳ. ಕೆಳಗೆ ಬಿಳಿಯ ಎರಡು ಪಟ್ಟಿಗಳಂತೆ ಧ್ವನಿತಂತುಗಳು. ಅವುಗಳ ಹಿಂದೆ, ಸ್ವಲ್ಪ ಪಕ್ಕಕ್ಕೆ, ಮುಚ್ಚಿಕೊಂಡೇ ಇರುವ ಅನ್ನನಾಳದ ಬಾಯಿ. ಹಲ್ಲಿನಿಂದ ಅಲ್ಲಿಗೆ ಸುಮಾರು 15 ಸೆಂಟಿಮೀಟರ್. ನಾನು ತುದಿಯನ್ನು ತಂದು ಅಲ್ಲಿಟ್ಟೆ. ಪರದೆ ಕೆಂಪಾಯಿತು. ಅದೇ ಕೆಂಪು. ಕೈ ತಾನಾಗಿಯೇ ಮುಂದಕ್ಕೆ ತಳ್ಳಿತು. ಯಂತ್ರ ಕೂಗಿಕೊಂಡಿತು, ಒತ್ತಡ ಜಾಸ್ತಿಯಾಯಿತು ಅಂತ.

ಪಕ್ಕದಲ್ಲಿ ನಿಂತಿದ್ದ ಟೆಕ್ನಿಷಿಯನ್ ಅಣ್ಣ ಸಂಪಾಜೆಯವರು. ದಿನಾ ಘಾಟಿ ಹತ್ತಿ ಬರುತ್ತಾರೆ. "ಡಾಕ್ಟ್ರೇ, ತಾಳತ್ತಮನೆ ಹತ್ರ ಮಂಜು ಮುಸುಕಿದಾಗ ಯಾರಾದ್ರೂ ಆಕ್ಸಿಲರೇಟರ್ ಒತ್ತುತ್ತಾರಾ?" ಅಂದರು. ಅಷ್ಟೇ. ಆಮೇಲೆ ಲೆನ್ಸ್ ಒರೆಸಲು ಬಟ್ಟೆ ಹುಡುಕಲು ಹೋದರು.

ಪರದೆ ಕೆಂಪಾಗುವುದು ಅಂದರೆ ತುದಿ ಗೋಡೆಗೆ ಅಂಟಿದೆ ಅಂತ. ಎದುರಿಗೆ ದಾರಿ ಇಲ್ಲ, ಬರೀ ಮಾಂಸ. ಆಗ ತಳ್ಳಿದರೆ ಗೋಡೆ ಹಿಗ್ಗುತ್ತದೆ, ನೋಯುತ್ತದೆ. ಗಂಟಲ ಹತ್ತಿರ ಪಕ್ಕದ ತಗ್ಗಿಗೆ ಸಿಕ್ಕಿದ್ದರೆ ಹರಿಯಲೂಬಹುದು. ಮಾಡಬೇಕಾದದ್ದು ಹಿಂದಕ್ಕೆ ಎಳೆಯುವುದು. ಒಂದೆರಡು ಸೆಂಟಿಮೀಟರ್ ಸಾಕು. ಸ್ವಲ್ಪ ಗಾಳಿ ಬಿಟ್ಟು ಕಾಯುವುದು. ದಾರಿ ಕಂಡ ಮೇಲೆ ಮುಂದೆ. ಪುಸ್ತಕದಲ್ಲಿ ಇದನ್ನು ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ಕೈಗೆ ಗೊತ್ತಿರಲಿಲ್ಲ. ಕೈಗೆ ಗೊತ್ತಾಗಲು ಆ ಯಂತ್ರದ ಗಂಟಲಲ್ಲಿ ನಾನು ಎಷ್ಟು ಸಲ ತಪ್ಪು ಮಾಡಿದೆನೋ ಲೆಕ್ಕ ಇಟ್ಟಿಲ್ಲ. ನಲವತ್ತಕ್ಕೆ ಕಡಿಮೆ ಇಲ್ಲ. ಆ ನಲವತ್ತರಲ್ಲಿ ಒಂದೂ ಯಾರಿಗೂ ನೋಯಲಿಲ್ಲ. ಇದಕ್ಕಿಂತ ದೊಡ್ಡ ಉಪಯೋಗ ಈ ಯಂತ್ರದಿಂದ ಬೇಕಿಲ್ಲ ಅಂತ ನನಗೆ ಅನ್ನಿಸುತ್ತದೆ.

ಗಂಟಲು ದಾಟಿದ ಮೇಲೆ ಅನ್ನನಾಳ ನೇರ ದಾರಿ. ಸುಮಾರು 40 ಸೆಂಟಿಮೀಟರ್‌ನಲ್ಲಿ ಬಣ್ಣ ಬದಲಾಗುತ್ತದೆ. ತಿಳಿ ಗುಲಾಬಿ ಮುಗಿದು ಜಠರದ ಕೆಂಪು ಶುರು. ಆ ಗಡಿ ನೇರವಾಗಿರುವುದಿಲ್ಲ, ಹಲ್ಲುಹಲ್ಲಾಗಿ ಇರುತ್ತದೆ. ಜಠರದ ಒಳಗೆ ಮಡಿಕೆಗಳ ಜಾಡು ಹಿಡಿದು ಇಳಿದರೆ ಕೊನೆಗೆ ಗುಂಡಗಿನ ಸಣ್ಣ ಬಾಗಿಲು, ಪೈಲೋರಸ್. ಅದು ತೆರೆದು ಮುಚ್ಚಿ ಮಾಡುತ್ತಿರುತ್ತದೆ. ತೆರೆಯುವವರೆಗೆ ಎದುರಿಗೇ ನಿಂತು ಕಾಯಬೇಕು. ದಾಟಿದರೆ ಸಣ್ಣ ಕರುಳಿನ ಮೊದಲ ಭಾಗ. ಅಲ್ಲಿಂದ ಎರಡನೇ ಭಾಗಕ್ಕೆ ಹೋಗುವ ತಿರುವು ನನಗೆ ಹತ್ತು ದಿನ ಕಾಟ ಕೊಟ್ಟಿತು. ತುದಿಯನ್ನು ಮೇಲಕ್ಕೆ, ಬಲಕ್ಕೆ ಮಾಡಿ, ಸ್ಕೋಪನ್ನು ಬಲಕ್ಕೆ ತಿರುಚಿ, ಹಿಂದಕ್ಕೆ ಎಳೆಯಬೇಕು. ಎಳೆದರೆ ತುದಿ ಮುಂದೆ ಹೋಗುತ್ತದೆ! ಜಠರದಲ್ಲಿ ಡೊಂಕಾಗಿ ಮಲಗಿದ್ದ ಸ್ಕೋಪ್ ನೆಟ್ಟಗಾಗುತ್ತದೆ, ಆ ಉಳಿದ ಉದ್ದವೆಲ್ಲ ತುದಿಗೆ ಸಿಗುತ್ತದೆ. ನಂಬಿಕೆ ಬರುವುದೇ ಇಲ್ಲ. ಯಂತ್ರದಲ್ಲಿ ಒಂದು ಅನುಕೂಲ ಇದೆ. ಹೊರಗಿನಿಂದ ನೋಡಿದರೆ ಸ್ಕೋಪ್ ಹೊಟ್ಟೆಯೊಳಗೆ ಹೇಗೆ ಮಲಗಿದೆ ಅನ್ನುವ ಚಿತ್ರ ಪಕ್ಕದಲ್ಲೇ ಬರುತ್ತದೆ. ಆ ಡೊಂಕು ನೆಟ್ಟಗಾಗುವುದನ್ನು ಕಣ್ಣಾರೆ ನೋಡಿದ ಮೇಲೆ ಕೈ ಎಳೆಯಲು ಹೆದರಲಿಲ್ಲ.

ಮೂರನೇ ವಾರ ದೊಡ್ಡ ಕರುಳು, ಅಂದರೆ ಗುದದ್ವಾರದಿಂದ ಸ್ಕೋಪ್ ಹಾಕಿ ನೋಡುವ ಕೊಲೊನೋಸ್ಕೋಪಿ. ಇಲ್ಲೂ ಅದೇ ಪಾಠ, ಇನ್ನೂ ಕಷ್ಟದ್ದು. ಎಡಭಾಗದ ಕರುಳು ಸಡಿಲವಾಗಿ ತೂಗುತ್ತಿರುತ್ತದೆ. ತಳ್ಳುತ್ತಾ ಹೋದರೆ ಸ್ಕೋಪ್ ಅಲ್ಲೇ ಸುರುಳಿ ಸುತ್ತುತ್ತದೆ, ಅದಕ್ಕೆ ಲೂಪ್ ಅನ್ನುತ್ತೇವೆ. ಹೊರಗಿನಿಂದ ಉದ್ದ ಒಳಗೆ ಹೋಗುತ್ತಲೇ ಇರುತ್ತದೆ, ತುದಿ ಮಾತ್ರ ಇದ್ದಲ್ಲೇ. ರೋಗಿಗೆ ಹೊಟ್ಟೆ ಹಿಂಡಿದ ಹಾಗೆ ನೋಯುವುದು ಆಗಲೇ. ಸ್ಕೋಪ್ ನೆಟ್ಟಗಿದ್ದರೆ 70ರಿಂದ 80 ಸೆಂಟಿಮೀಟರ್‌ಗೆ ದೊಡ್ಡ ಕರುಳಿನ ಆ ತುದಿ ಸಿಗಬೇಕು. ನಾನು ಮೊದಲ ಸಲ 120 ಸೆಂಟಿಮೀಟರ್ ಇಳಿಸಿ ಅರ್ಧ ದಾರಿಯೂ ಹೋಗಿರಲಿಲ್ಲ. ಬಲಕ್ಕೆ ತಿರುಚಿ ನಿಧಾನ ಎಳೆದರೆ ಲೂಪ್ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದಾಗ ಕೈಗೆ ಗೊತ್ತಾಗುತ್ತದೆ, ಸ್ಕೋಪ್ ಹಗುರ ಆಗುತ್ತದೆ. ಕೊಲೊನೋಸ್ಕೋಪಿಯಲ್ಲಿ ನಾನು ಇನ್ನೂ ಆರಂಭದಲ್ಲೇ ಇದ್ದೇನೆ, ಅದಕ್ಕೆ ಜಾಸ್ತಿ ಹೇಳುವುದಿಲ್ಲ.

ಪ್ರತಿ ಸಲ ಮುಗಿದ ಮೇಲೆ ಯಂತ್ರ ಒಂದು ಪಟ್ಟಿ ಕೊಡುತ್ತದೆ. ಎಷ್ಟು ನಿಮಿಷ ಆಯಿತು, ಒಳಗೋಡೆಯ ಎಷ್ಟು ಭಾಗ ನೋಡಿದ್ದೀರಿ, ಎಷ್ಟು ಸಲ ದಾರಿ ತಪ್ಪಿತು, ಎಷ್ಟು ಹೊತ್ತು ರೋಗಿಗೆ ನೋವಾಯಿತು. ನಾನು ಮೊದಲು ಸಮಯದ ಹಿಂದೆ ಬಿದ್ದೆ. ಒಂದು ದಿನ ಗಂಟಲಿಂದ ಸಣ್ಣ ಕರುಳಿನವರೆಗೆ ಬೇಗ ಹೋಗಿ ಬಂದೆ ಅಂತ ಖುಷಿಯಲ್ಲಿದ್ದೆ. ಸರ್ ಪಟ್ಟಿಯ ಎರಡನೇ ಸಾಲಿಗೆ ಬೆರಳಿಟ್ಟರು. ಜಠರದ ಮೂರರಲ್ಲಿ ಒಂದು ಭಾಗ ನಾನು ನೋಡಿಯೇ ಇರಲಿಲ್ಲ. ಸ್ಕೋಪನ್ನು ಹಿಂದಕ್ಕೆ ಮಡಚಿ, ಜೆ ಅಕ್ಷರದ ಹಾಗೆ ಮಾಡಿ, ಬಂದ ದಾರಿಯನ್ನೇ ತಿರುಗಿ ನೋಡಬೇಕು. ಜಠರದ ಮೇಲ್ಭಾಗ ಸರಿಯಾಗಿ ಕಾಣುವುದು ಆಗ ಮಾತ್ರ. ನಾನು ಅದನ್ನು ಬಿಟ್ಟಿದ್ದೆ. "ಅಲ್ಲೇ ಒಂದು ಗಡ್ಡೆ ಇದ್ದಿದ್ರೆ?" ಅಂದರು.

ಇದರಿಂದ ನನಗೆ ಒಂದು ವಿಷಯ ಮನದಟ್ಟಾಯಿತು. ಪಕ್ಕದಲ್ಲಿ ಹೇಳುವವರು ಇಲ್ಲದಿದ್ದರೆ ಬರೀ ಯಂತ್ರದಿಂದ ಕಲಿಯುವುದು ಕಷ್ಟ. 2004ರಲ್ಲಿ ಲಂಡನ್ನಿನ ಮಹಮೂದ್ ಮತ್ತು ಡಾರ್ಜಿ ಎಂಬ ವೈದ್ಯರು ಇದನ್ನೇ ಪರೀಕ್ಷೆ ಮಾಡಿದ್ದರು. ಕೊಲೊನೋಸ್ಕೋಪಿ ಸಿಮ್ಯುಲೇಟರಿನಲ್ಲಿ ಹೊಸಬರನ್ನು ಅಭ್ಯಾಸಕ್ಕೆ ಬಿಟ್ಟರು. ಹೇಗೆ ಮಾಡಿದ್ದೀರಿ ಅಂತ ಏನೂ ಹೇಳಲಿಲ್ಲ. ಮತ್ತೆ ಮತ್ತೆ ಮಾಡಿದರೂ ಅವರು ಸುಧಾರಿಸಲಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಯಂತ್ರ ಇಟ್ಟು ಬೀಗದಕೈ ಕೊಟ್ಟುಬಿಟ್ಟರೆ ತರಬೇತಿ ಆಯಿತು ಅಂದುಕೊಳ್ಳುವವರು ಇದನ್ನು ಓದಬೇಕು. ನಮ್ಮ ಸರ್ ಒಪಿಡಿ ಮುಗಿಸಿ, ಊಟಕ್ಕೂ ಮೊದಲು ಬಂದು ಅರ್ಧ ಗಂಟೆ ನಿಲ್ಲುತ್ತಿದ್ದರು. ಆ ಅರ್ಧ ಗಂಟೆಯ ಋಣ ದೊಡ್ಡದು.

ಯಂತ್ರದಿಂದ ನಿಜಕ್ಕೂ ಪ್ರಯೋಜನ ಇದೆಯಾ ಅಂತ ಬೇರೆ ಕಡೆ ಅಳೆದೂ ನೋಡಿದ್ದಾರೆ. 2006ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನದಲ್ಲಿ ಮೊದಲ ವರ್ಷದ 45 ತರಬೇತಿ ವೈದ್ಯರು ಇದ್ದರು. ಕೆಲವರಿಗೆ ಮೊದಲೇ 10 ಗಂಟೆ ಸಿಮ್ಯುಲೇಟರ್ ಅಭ್ಯಾಸ, ಉಳಿದವರಿಗೆ ಇಲ್ಲ. ಆಮೇಲೆ ಎಲ್ಲರೂ ರೋಗಿಗಳಿಗೆ ಕೊಲೊನೋಸ್ಕೋಪಿ ಮಾಡಿದರು. ಶುರುವಿನ ನೂರು ಕೇಸುಗಳಲ್ಲಿ ಅಭ್ಯಾಸ ಮಾಡಿದವರು ಮುಂದಿದ್ದರು. ಆದರೆ ಪೂರ್ತಿ ಪಳಗಲು ಎರಡೂ ಗುಂಪಿಗೆ ಸುಮಾರು 160 ಕೇಸು ಬೇಕಾಯಿತು. ಅಂದರೆ ದಾರಿ ಹತ್ತಿರ ಆಗುವುದಿಲ್ಲ. ದಾರಿಯ ಶುರುವಿನಲ್ಲಿ ಸಿಗುವ ರೋಗಿಗಳಿಗೆ ಕಷ್ಟ ಕಡಿಮೆ ಆಗುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 18 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿತು. ಹೊಸಬರ ತರಬೇತಿಗೆ ಇದನ್ನು ಜೊತೆಗೆ ಬಳಸಬಹುದು, ರೋಗಿಗಳ ಮೇಲೆ ಹಿರಿಯರ ಜೊತೆ ಕಲಿಯುವುದರ ಬದಲಿಗೆ ಬಳಸಲು ಸಾಕಷ್ಟು ಆಧಾರ ಇಲ್ಲ ಅಂತ ಹೇಳಿತು. ನನ್ನ ಒಂದು ತಿಂಗಳೂ ಇದನ್ನೇ ಹೇಳುತ್ತದೆ.

ಯಾಕೆ ಬದಲಿ ಆಗುವುದಿಲ್ಲ? ಬೊಂಬೆಗೆ ಭಯ ಇಲ್ಲ. ಅದು ನಾಪೋಕ್ಲಿನಿಂದ ಬೆಳಿಗ್ಗೆ ಮೊದಲ ಬಸ್ಸಿಗೆ, ಖಾಲಿ ಹೊಟ್ಟೆಯಲ್ಲಿ, ಸೊಸೆಯ ಕೈ ಹಿಡಿದು ಬಂದಿಲ್ಲ. ನಮ್ಮಲ್ಲಿ ಒಬ್ಬರು ಕೊಡವ ತಕ್ಕ್ ಆಡುತ್ತಾರೆ, ಇನ್ನೊಬ್ಬರು ಅರೆಭಾಷೆ, ಮತ್ತೊಬ್ಬರು ಮಲಯಾಳ. ಆದಿವಾಸಿ ಹಾಡಿಯಿಂದ ಬಂದ ಯರವರ ಅಜ್ಜಿಗೆ ಅವರ ಮಾತಿನಲ್ಲೇ ಹೇಳಿದರೆ ಮಾತ್ರ ಮೈ ಸಡಿಲ ಆಗುತ್ತದೆ. ಈಗ ತೋಟಗಳಲ್ಲಿ ಅಸ್ಸಾಮಿನವರೂ ಬಹಳ. 'ನುಂಗಿ' ಅನ್ನುವ ಒಂದು ಮಾತನ್ನು ನಾನು ಆರು ಭಾಷೆಯಲ್ಲಿ ಚೀಟಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಸಿಸ್ಟರ್ ಅದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಗಂಟಲು ಮರಗಟ್ಟಲಿ ಅಂತ ಹೊಡೆಯುವ ಝೈಲೋಕೇನ್ ಸ್ಪ್ರೇಯನ್ನು ಒಂದು ಸಂಜೆ ನಾನೇ ಹೊಡೆಸಿಕೊಂಡೆ. ಕಹಿ. ಎರಡು ನಿಮಿಷದಲ್ಲಿ ಗಂಟಲು ದಪ್ಪಗಾದ ಹಾಗೆ, ಎಂಜಲು ನುಂಗಲೂ ಆಗದ ಹಾಗೆ ಅನ್ನಿಸಿತು. ಉಸಿರೇ ನಿಂತುಬಿಡುತ್ತದೇನೋ ಅನ್ನುವ ಗಾಬರಿ, ಏನಾಗುತ್ತಿದೆ ಅಂತ ತಿಳಿದಿದ್ದ ನನಗೇ. ಅವತ್ತಿನಿಂದ ಸ್ಪ್ರೇ ಹೊಡೆಯುವ ಮೊದಲೇ ಹೇಳುತ್ತೇನೆ: "ಗಂಟಲು ಕಟ್ಟಿದ ಹಾಗೆ ಅನ್ಸುತ್ತೆ, ನುಂಗಕ್ಕೆ ಆಗ್ತಿಲ್ಲ ಅನ್ಸುತ್ತೆ. ಅದು ಮರಗಟ್ಟಿದ್ದು ಅಷ್ಟೇ. ಉಸಿರಿಗೆ ಏನೂ ಆಗಲ್ಲ, ಮೂಗಲ್ಲಿ ನಿಧಾನ ಉಸಿರಾಡಿ." ಈ ಮಾತು ಯಾವ ಯಂತ್ರದಲ್ಲೂ ಇರಲಿಲ್ಲ. ಎಷ್ಟೋ ಜನರ ಮುಖ ಇದನ್ನು ಕೇಳಿ ಸಡಿಲವಾಗಿದೆ.

ಜುಲೈ ಕೊನೆಗೆ ಯಂತ್ರ ವಾಪಸ್ ಹೋಯಿತು. ಅಂಥದ್ದನ್ನು ಕೊಂಡು ಇಟ್ಟುಕೊಳ್ಳುವಷ್ಟು ಹಣ ನಮ್ಮಂಥ ಜಾಗದಲ್ಲಿ ಇಲ್ಲ. ಟೆಕ್ನಿಷಿಯನ್ ಅಣ್ಣ ಒಂದು ರಟ್ಟಿನ ಪೆಟ್ಟಿಗೆ ತಂದರು. ಒಳಗೋಡೆಗೆ 1ರಿಂದ 12ರವರೆಗೆ ಅಂಕಿ ಬರೆದು ಅಲ್ಲಲ್ಲಿ ಅಂಟಿಸಿದೆವು. ಒಂದು ಕಡೆ ತೂತು. ಕೆಲಸಕ್ಕೆ ಬಾರದ ಹಳೆಯ ಸ್ಕೋಪಿತ್ತು, ಲೈಟ್ ಮತ್ತು ಚಕ್ರ ಇನ್ನೂ ಚೆನ್ನಾಗಿವೆ. ಅಂಕಿಗಳನ್ನು ಕ್ರಮವಾಗಿ ಪರದೆಯ ಮಧ್ಯಕ್ಕೆ ತರಬೇಕು, ಅಷ್ಟೇ ಅಭ್ಯಾಸ. ಈಗಲೂ ವಾರಕ್ಕೆ ಎರಡು ಸಲ ಮಾಡುತ್ತೇನೆ. ಜಿಲ್ಲೆಗೆ ಒಂದು ಯಂತ್ರ ಬೇಡ, ಮೂರು ನಾಲ್ಕು ಜಿಲ್ಲೆಗೆ ಒಂದು ಇದ್ದು ಊರೂರು ತಿರುಗಿದರೂ ಸಾಕು. ಉಳಿದ ದಿನಗಳಿಗೆ ಈ ರಟ್ಟಿನ ಪೆಟ್ಟಿಗೆ ಇದೆ.

ಯಂತ್ರ ಹೋದ ಮೇಲೆ ನನಗೆ ಅಂತ ಇಟ್ಟ ಮೊದಲ ರೋಗಿ ಆಗಸ್ಟ್ 3ಕ್ಕೆ ಬಂದರು. ಅವತ್ತು ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅರೆಭಾಷೆಯವರಿಗೆ ಆಟಿ ಹದಿನೆಂಟು. ಕೊಡಗಿನ ಮನೆಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ. ಬಂದವರು ಎಪ್ಪತ್ತರ ಕೊಡವ ಅಜ್ಜಿ. "ತಾಯಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ?" ಅಂತ ಕೇಳಿದೆ. "ಏನೂ ಇಲ್ಲ ಮಗಳೇ, ಮದ್ದು ಪಾಯಸ ಒಂದು ಸ್ವಲ್ಪ. ಅದು ಮದ್ದಲ್ವಾ?" ಅಂದರು. ಎಂಡೋಸ್ಕೋಪಿಗೆ ಆರರಿಂದ ಎಂಟು ಗಂಟೆ ಹೊಟ್ಟೆ ಖಾಲಿ ಇರಬೇಕು. ಇಲ್ಲದಿದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ನಾಳೆ ಬನ್ನಿ ಅಂತ ಕಳಿಸಿದೆವು. ತಪ್ಪು ನಮ್ಮದೇ. ಕೊಡಗಿನಲ್ಲಿ ಕೆಲಸ ಮಾಡುವವರು ಆ ದಿನಕ್ಕೆ ಹಾಗೆ ಪರೀಕ್ಷೆ ಇಡಬಾರದು, ಇಟ್ಟರೆ ಪಾಯಸದ ವಿಷಯ ಬಾಯಿಬಿಟ್ಟು ಹೇಳಬೇಕು.

ಮಾರನೇ ದಿನ ಅವರಿಗೆ ನಾನೇ ಹಾಕಿದೆ. ಗಂಟಲ ಹತ್ತಿರ ಪರದೆ ಕೆಂಪಾಯಿತು. ಕೈ ಹಿಂದಕ್ಕೆ ಬಂತು. ನಾನು ಅದಕ್ಕೆ ಹೇಳಬೇಕಾಗಲಿಲ್ಲ. "ತಾಯಿ, ಒಂದ್ಸಲ ನುಂಗಿ." ಬಾಗಿಲು ತೆರೆಯಿತು. ಪೂರ್ತಿ ನೋಡಿ ಹೊರಗೆ ಬರಲು ಒಂಬತ್ತು ನಿಮಿಷ ಆಯಿತು. ಸರ್ ಪಕ್ಕದಲ್ಲೇ ಇದ್ದರು, ಕೈ ಚಾಚಲಿಲ್ಲ.

ಅದೇ ವಾರ ಸುಂಟಿಕೊಪ್ಪದ ಅಣ್ಣ ಬಂದರು. ಎಂಟು ವಾರ ಮುಗಿದಿತ್ತು. ಚೂರಿನ ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಅವರು ಬಾಗಿಲಲ್ಲೇ ನನ್ನ ಗುರುತು ಹಿಡಿದರು.

"ಅವತ್ತು ಮೊದ್ಲು ಹಾಕಿದ್ದು ನೀವೇ ಅಲ್ವಾ ಮೇಡಂ?"

"ಹೌದು ಅಣ್ಣಾ. ಅವತ್ತು ನಿಮಗೆ ಬಹಳ ನೋಯಿಸಿದೆ. ತಪ್ಪಾಯ್ತು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇವತ್ತು ಸರ್ ಮಾಡ್ಲಿ" ಅಂದರು.

"ಆಗ್ಲಿ" ಅಂದೆ. ಕೇಳುವ ಹಕ್ಕು ಅವರದ್ದು. ಅವರು ಎಡಕ್ಕೆ ಮಗ್ಗುಲಾಗಿ ಮಲಗಿದರು. ನಾನು ತಲೆಯ ಹತ್ತಿರ ನಿಂತು ಗದ್ದ ಹಿಡಿದುಕೊಂಡೆ, ಇನ್ನೊಂದು ಕೈ ಅವರ ಭುಜದ ಮೇಲೆ. ಸ್ಪ್ರೇಯ ಬಗ್ಗೆ ಹೇಳಿದೆ. ಮೂಗಲ್ಲಿ ಉಸಿರಾಡಿ, ಎಂಜಲು ಹೊರಗೆ ಬಿಡಿ, ನುಂಗಬೇಡಿ ಅಂತ ಹೇಳುತ್ತಲೇ ಇದ್ದೆ. ಪರದೆಯಲ್ಲಿ ಹುಣ್ಣಿದ್ದ ಜಾಗ ಬಂತು. ಹುಣ್ಣು ಇರಲಿಲ್ಲ. ಅಲ್ಲಿ ಬೆಳ್ಳಗಿನ ಸಣ್ಣ ಕಲೆ, ಅದರ ಸುತ್ತ ಮಡಿಕೆಗಳು ನಕ್ಷತ್ರದ ಹಾಗೆ ಸೇರಿಕೊಂಡಿದ್ದವು.

ಅವರು ಎದ್ದು ಕೂತು ಬಾಯಿ ಒರೆಸಿಕೊಂಡರು. ಒಂದು ಗಂಟೆ ಏನೂ ಕುಡಿಯಬೇಡಿ, ಗಂಟಲ ಮರಗಟ್ಟು ಬಿಡಲಿ ಅಂದೆ. ನೋವಿನ ಮಾತ್ರೆ ಮತ್ತೆ ಅಂಗಡಿಯಿಂದ ತರಬೇಡಿ, ಮಂಡಿಗೆ ಬೇರೆ ದಾರಿ ನೋಡೋಣ ಅಂದೆ. ಆಯ್ತು ಅಂದರು. ಕೊಡೆ ಬಿಚ್ಚುತ್ತಾ ಬಾಗಿಲ ಹತ್ತಿರ ನಿಂತು, "ಹುಣ್ಣು ವಾಸಿ ಆಗಿದೆ ಅಂತ ಮನೇಲಿ ಹೇಳ್ಬಹುದಾ ಮೇಡಂ?" ಅಂತ ಕೇಳಿದರು.

"ಹೇಳಿ ಅಣ್ಣಾ" ಅಂದೆ. ಅಷ್ಟರಲ್ಲಿ ಸಿಸ್ಟರ್ ಮುಂದಿನವರ ಹೆಸರು ಕರೆದರು. ಅವರಿಗೆ ಸ್ಕೋಪ್ ಹಾಕಬೇಕಾದವಳು ನಾನು.